ಅಗ್ಗದ ಕಾರ್ಬನ್ನಿನ ಒಳಮೈ

ಕೊಳ್ಳುವ ಮುಂಚೆ ನೋಡುವವರ ಮೇಲೆ ನನಗೆ ಮೊದಲಿನಿಂದಲೂ ಅಪಾರ ಗೌರವ. ನಮ್ಮ ಚಳ್ಳಕೆರೆಯ ಮಾರುಕಟ್ಟೆಯಲ್ಲಿ ಐದು ನಿಮಿಷ ನಿಂತರೆ ಸಾಕು, ಇಂಥವರೇ ಕಣ್ಣಿಗೆ ಬೀಳುತ್ತಾರೆ. ಶೇಂಗಾ ವ್ಯಾಪಾರಿ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕಾಳು ಗಟ್ಟಿಯೋ ಜೊಳ್ಳೋ ಹೇಳಿಬಿಡುತ್ತಾನೆ. ಕಂಬಳಿ ಕೊಳ್ಳಲು ಬಂದ ಅಜ್ಜ ಅದನ್ನು ಮೂಸುತ್ತಾನೆ, ಹಿಂಡುತ್ತಾನೆ, ಬಿಸಿಲಿಗೆ ಹಿಡಿಯುತ್ತಾನೆ, ಕೊನೆಗೆ ನಾಳೆ ಬರ್ತೀನಿ ಎಂದು ಮಡಚಿಟ್ಟು ಹೋಗುತ್ತಾನೆ. ನನ್ನ ಹೆಂಡತಿ ಸುಜಾತ ಒಂದು ಕಟ್ಟು ಕೊತ್ತಂಬರಿ ಸೊಪ್ಪನ್ನು ಬೇರಿನಿಂದ ತುದಿಯವರೆಗೆ ವಿಚಾರಣೆಗೆ ಗುರಿಪಡಿಸುತ್ತಾಳೆ. ನಾನು ಮಾತ್ರ ಕೊಂಡ ಮೇಲೆ ನೋಡುವವನು. ವಸ್ತುವನ್ನು ಮನೆಗೆ ತಂದು, ಕಟ್ಟು ಬಿಚ್ಚಿ, ರಟ್ಟಿನ ಪೆಟ್ಟಿಗೆಯನ್ನು ಹರಿದು, ವಾಪಸು ಕೊಡುವ ದಾರಿಗಳೆಲ್ಲ ಮುಚ್ಚಿದ ಮೇಲೆ ನನ್ನೊಳಗಿನ ಪರೀಕ್ಷಕ ಎದ್ದು ಕೂರುತ್ತಾನೆ. ಎದ್ದವನು ದೋಷ ಹುಡುಕುತ್ತಾನೆ ಎಂದುಕೊಳ್ಳಬೇಡಿ. ಕೊಂಡದ್ದು ಸರಿಯಾಗಿಯೇ ಇದೆ ಎನ್ನುವುದಕ್ಕೆ ಸಾಕ್ಷಿ ಹುಡುಕುತ್ತಾನೆ. ಮನಸ್ಸಿಟ್ಟು ಹುಡುಕಿದರೆ ಅದು ಸಿಗದೆ ಇರುವುದಿಲ್ಲ.

ನಾನು ಊರಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಬಲ, ಒತ್ತಡ, ಸ್ಥಿತಿಸ್ಥಾಪಕತ್ವ ಇತ್ಯಾದಿಗಳನ್ನು ಇಪ್ಪತ್ತೈದು ವರ್ಷಗಳಿಂದ ಕರಿಹಲಗೆಯ ಮೇಲೆ ಬರೆಯುತ್ತ, ಅಳಿಸುತ್ತ ಬಂದಿದ್ದೇನೆ. ಆದರೆ ಮನೆಯಲ್ಲಿ ಒಂದು ಸ್ಕ್ರೂ ಸಡಿಲವಾದರೆ ಸುಜಾತ ಸ್ಕ್ರೂಡ್ರೈವರನ್ನು ನನ್ನ ಕೈಗೆ ಸಿಗದಂತೆ ಮೊದಲು ಎತ್ತಿಡುತ್ತಾಳೆ. ಇಂಥ ನಾನು ಹೊಟ್ಟೆ ಕರಗಿಸಲೆಂದು ಎರಡು ವರ್ಷದ ಹಿಂದೆ ಹಳೆಯ ಕಬ್ಬಿಣದ ಸೈಕಲ್ ಏರಿ ಬೆಳಗಿನ ಹೊತ್ತು ಕುದಾಪುರದ ಕಡೆಗೆ ಹೋಗಲು ಶುರುಮಾಡಿದೆ. ಆ ಕಡೆಯ ಹುಲ್ಲುಗಾವಲಿನ ನಡುವೆ ಸಂಶೋಧನಾ ಸಂಸ್ಥೆಗಳು ಬಂದ ಮೇಲೆ ರಸ್ತೆ ಚೆನ್ನಾಗಿದೆ, ರಸ್ತೆಯ ಮೇಲೆ ವಿಜ್ಞಾನಿಗಳೂ ಇದ್ದಾರೆ. ಮೈಗಂಟಿದ ಬಟ್ಟೆ, ತಲೆಗೆ ಹೆಲ್ಮೆಟ್ಟು, ಕಣ್ಣಿಗೆ ಬಣ್ಣದ ಕನ್ನಡಕ. "ಗುಡ್ ಮಾರ್ನಿಂಗ್ ಅಂಕಲ್" ಎನ್ನುವ ಮಾತು ಹಿಂದಿನಿಂದ ಶುರುವಾಗಿ ಮುಂದೆ ಎಲ್ಲೋ ಹೋಗಿ ಮುಗಿಯುತ್ತಿತ್ತು, ಅಷ್ಟು ವೇಗ. ಒಂದು ದಿನ ಅವರಲ್ಲೊಬ್ಬ ನೀರು ಕುಡಿಯಲು ನಿಂತಾಗ ಅವನ ಸೈಕಲ್ಲನ್ನು ಎತ್ತಿ ನೋಡಿದೆ. ಎರಡು ಬೆರಳಿಗೆ ಬಂದುಬಿಟ್ಟಿತು! "ಕಾರ್ಬನ್, ಅಂಕಲ್" ಎಂದ. ನಾನು ಬೆಲೆ ಕೇಳಿದೆ. ಅವನು ಹೇಳಿದ. ನಾನು ಆ ವರ್ಷದ ಹವಾಮಾನದ ಬಗ್ಗೆ ಮಾತಾಡಿದೆ.

ಆದರೆ ಆಸೆ ಹುಟ್ಟಿಯಾಗಿತ್ತು. ಓದತೊಡಗಿದೆ. ಕಾರ್ಬನ್ ಎಂದರೆ ಕೂದಲಿಗಿಂತ ಸಣ್ಣ ಕಪ್ಪು ಎಳೆಗಳು. ಅವುಗಳನ್ನು ಹಾಳೆಯಂತೆ ಜೋಡಿಸಿ, ಅಂಟು ಕುಡಿಸಿ, ಅಚ್ಚಿನೊಳಗೆ ಪದರ ಪದರವಾಗಿ ಹಾಸಿ ಬೇಯಿಸಿದರೆ ಕಬ್ಬಿಣವನ್ನು ನಾಚಿಸುವ ಗಟ್ಟಿ ಕೊಳವೆ ಆಗುತ್ತದೆ. ಹಾಸುವ ಕೆಲಸವೆಲ್ಲ ಕೈಯಲ್ಲೇ. ಇಷ್ಟು ತಿಳಿದ ಮೇಲೆ ಅಂತರ್ಜಾಲದಲ್ಲಿ ಹುಡುಕಿದೆ, ವಿಜ್ಞಾನಿಗಳ ಸೈಕಲ್ಲಿನಂಥದೇ ಫ್ರೇಮು ಅದರ ಬೆಲೆಯ ಒಂದು ಮೂಲೆಗೆ ಸಿಗುವುದು ಕಂಡಿತು. ಮಾರುವ ಕಂಪನಿಯ ಹೆಸರಿನಲ್ಲಿ ಒಂದೂ ಸ್ವರಾಕ್ಷರ ಇರಲಿಲ್ಲ. ಉಚ್ಚರಿಸಲು ಬಾರದ ಹೆಸರಿನವರನ್ನು ದೂರುವುದಾದರೂ ಹೇಗೆ ಎಂಬ ಯೋಚನೆ ಆಗ ನನಗೆ ಬರಲಿಲ್ಲ.

ಪೆಟ್ಟಿಗೆ ಬಂದ ದಿನ ಸುಜಾತ ಅದನ್ನು ಒಂದು ಕೈಯಲ್ಲಿ ಎತ್ತಿ ಅಲ್ಲಾಡಿಸಿದಳು. "ಇದೇನ್ರೀ, ಒಳಗೆ ಏನಾದ್ರೂ ಐತೋ ಇಲ್ವೋ?" ನಾನು ಹೆಮ್ಮೆಯಿಂದ, ಅದೇ ಅದರ ಹೆಚ್ಚುಗಾರಿಕೆ ಎಂದೆ. ಬಿಚ್ಚಿದ ಮೇಲೆ ಅವಳು ಪೆಟ್ಟಿಗೆಯ ತಳದವರೆಗೆ ಕೈಹಾಕಿ ಹುಡುಕಿ, "ಗಾಲಿ ಎಲ್ರೀ?" ಎಂದು ಕೇಳಿದಳು. ಗಾಲಿ, ಹ್ಯಾಂಡಲು, ಪೆಡಲು ಎಲ್ಲ ಬೇರೆ ಬರುತ್ತವೆ, ಇದು ಬರೀ ಫ್ರೇಮು ಎಂದು ವಿವರಿಸಿದೆ. "ಅಂದ್ರೆ ಅಸ್ಥಿಪಂಜರ ತರಿಸಿದೀರ" ಎಂದು ಅವಳು ಒಳಗೆ ಹೋದಳು. ಅವಳು ಏನೇ ಅನ್ನಲಿ, ಫ್ರೇಮು ಚೆಲುವಾಗಿತ್ತು. ಹೊಳಪಿನ ಕೆಳಗೆ ಕಪ್ಪು ಎಳೆಗಳ ಚೌಕಳಿ, ಅಷ್ಟು ಸಮವಾದ ನೇಯ್ಗೆ! ನಾನು ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವ ಮನೆಯ ಅಳಿಯ. ಎಷ್ಟು ಸಲ ಹಬ್ಬಕ್ಕೆ ಹೋಗಿ ಮಗ್ಗದ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಮಲಗಿಲ್ಲ! ಹಾಗೆ ಮಲಗಿದ್ದರಿಂದಲೇ ನೇಯ್ಗೆಯ ಕಣ್ಣು ನನಗೂ ಬಂದಿದೆ ಎಂದು ನನ್ನ ದೃಢ ನಂಬಿಕೆಯಾಗಿತ್ತು.

ಆದರೂ ವಿಜ್ಞಾನದ ಮೇಷ್ಟ್ರಲ್ಲವೆ, ಪರೀಕ್ಷೆ ಮಾಡದೆ ಒಪ್ಪುವಂತಿಲ್ಲ. ನಾಣ್ಯದಿಂದ ಬಡಿದು ನೋಡಿ, ಪದರಗಳು ಕೂಡಿಕೊಂಡಿದ್ದರೆ ಟಣ್ ಎನ್ನುತ್ತದೆ, ಬಿಟ್ಟುಕೊಂಡಿದ್ದರೆ ಠಪ್ ಎನ್ನುತ್ತದೆ ಎಂದು ಓದಿದ್ದೆ. ಬಾಗಿಲು ಹಾಕಿಕೊಂಡು ಬಡಿದೆ. ಬಹಳ ಕಡೆ ಟಣ್ ಎಂದಿತು. ಸೀಟಿನ ಕೊಳವೆ ಬುಡದಲ್ಲಿ ಕೂಡುವ ಕಡೆ ಠಪ್ ಎಂದಿತು. ಬಡಿದದ್ದು ಸರಿಯಿಲ್ಲವೇನೋ ಎಂದು ಇನ್ನೊಮ್ಮೆ ಬಡಿದೆ. ಆಮೇಲೆ ನಾಣ್ಯ ಬದಲಿಸಿದೆ. ನಾಲ್ಕನೆಯ ಸಲಕ್ಕೆ ಅದೂ ಹೆಚ್ಚುಕಡಿಮೆ ಟಣ್ ಎಂದಂತೆ ಕೇಳಿಸಿತು, ಅಲ್ಲಿಗೆ ಪ್ರಯೋಗ ಮುಗಿಸಿದೆ.

ನನ್ನ ಮೂರ್ಖತನ ಮನೆಯೊಳಗೇ ಉಳಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮರುದಿನ ಫ್ರೇಮನ್ನು ಶಾಲೆಗೆ ಒಯ್ದೆ. ಸ್ಟಾಫ್ ರೂಮಿನ ಮೇಜಿನ ಮೇಲಿಟ್ಟು, ವಜ್ರ ಆಗಿರುವುದೂ ಕಾರ್ಬನ್ನಿನಿಂದಲೇ ಎಂಬಲ್ಲಿಂದ ಶುರುಮಾಡಿ ಒಂದು ಪೀರಿಯಡ್ ಪೂರ್ತಿ ಮಾತಾಡಿದೆ. ಟಣ್ ಎನ್ನುವ ಜಾಗಗಳನ್ನು ಮಾತ್ರ ಬಡಿದು ತೋರಿಸಿದೆ. ಎಲ್ಲರೂ ನಕ್ಕು ಎದ್ದು ಹೋದರು, ನಮ್ಮ ಡ್ರಿಲ್ ಮೇಷ್ಟ್ರು ಶಿವಣ್ಣ ಮಾತ್ರ ಕುಳಿತೇ ಇದ್ದರು. ಶಿವಣ್ಣ ನನಗಿಂತ ಹತ್ತು ವರ್ಷ ಚಿಕ್ಕವರು, ತೂಕದಲ್ಲಿ ನನ್ನ ಒಂದೂವರೆ ಪಟ್ಟು, ಇಬ್ಬರು ಹೆಣ್ಣುಮಕ್ಕಳ ತಂದೆ. "ಸಾರ್, ನನ್ನಂಥೋನು ಕೂತ್ರೆ ತಡಿತೈತಾ?" ಎಂದು ಕೇಳಿದರು. ಆಗ ನಾನು ಹೇಳಿದ ಮಾತನ್ನು ನೆನೆದರೆ ಈಗಲೂ ಬೆವರುತ್ತೇನೆ. "ಶಿವಣ್ಣ, ಆನೆ ಕೂತರೂ ತಡೆಯುತ್ತದೆ. ನನ್ನ ಮಾತು ನಂಬಿ" ಎಂದಿದ್ದೆ. ಅಂದು ಸಂಜೆಯೇ ಅವರೂ ಅದೇ ಫ್ರೇಮಿಗೆ ಆರ್ಡರ್ ಕೊಟ್ಟರು. ಕುದಾಪುರದ ಹುಡುಗರು ಒಂದು ಭಾನುವಾರ ಜಟಿಂಗ ರಾಮೇಶ್ವರ ಬೆಟ್ಟದ ಬುಡದವರೆಗೆ ಸೈಕಲ್ ಸವಾರಿ ಇಟ್ಟುಕೊಂಡಿದ್ದರು. ನಾವಿಬ್ಬರೂ ಹೊಸ ಸೈಕಲ್ಲುಗಳಲ್ಲಿ ಹೋಗುವುದೆಂದು ನಿಶ್ಚಯವಾಯಿತು.

ಆ ಭಾನುವಾರಕ್ಕೆ ಮೂರು ದಿನ ಮೊದಲು, ಗುರುವಾರ, ಫ್ರೇಮನ್ನೂ ಬಿಡಿಭಾಗಗಳನ್ನೂ ಹೊತ್ತು ದಸ್ತಗೀರ್ ಸಾಹೇಬರ ಅಂಗಡಿಗೆ ಹೋದೆ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಅವರದ್ದು ಹಳೆಯ ಸೈಕಲ್ ಶಾಪು. ಅವರ ಮಗಳು ನನ್ನ ಹತ್ತಿರ ವಿಜ್ಞಾನ ಕಲಿತವಳು, ಈಗ ದಾವಣಗೆರೆಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಆ ಋಣಕ್ಕೆ ಅಂಗಡಿಯಲ್ಲಿರುವ ಒಂದೇ ಸ್ಟೂಲು ಯಾವಾಗಲೂ ನನಗೆ. "ಬರ್ರಿ ಮೇಷ್ಟ್ರೇ, ಕೂತ್ಕಳ್ರಿ" ಎಂದವರು ಫ್ರೇಮನ್ನು ಕೊಕ್ಕೆಗೆ ತೂಗುಹಾಕಿದರು. ಸೀದಾ ಸ್ಪ್ಯಾನರು ಹಿಡಿಯುತ್ತಾರೆ ಎಂದುಕೊಂಡರೆ ದಾರದ ಉಂಡೆ ತೆಗೆದರು. ಹಿಂದಿನ ಗಾಲಿ ಕೂರುವ ಒಂದು ಬದಿಗೆ ದಾರ ಕಟ್ಟಿ, ಮುಂದೆ ಹ್ಯಾಂಡಲಿನ ಕೊರಳನ್ನು ಸುತ್ತಿಸಿ ತಂದು ಇನ್ನೊಂದು ಬದಿಗೆ ಬಿಗಿದರು. ಸೀಟಿನ ಕೊಳವೆಗೂ ದಾರಕ್ಕೂ ನಡುವಿನ ಸಂದಿಯಲ್ಲಿ ಬೆಂಕಿಕಡ್ಡಿ ತೂರಿಸಿ ನೋಡಿದರು. ಒಂದು ಕಡೆ ಕಡ್ಡಿ ಸಿಕ್ಕಿಕೊಂಡು ನಿಂತಿತು, ಇನ್ನೊಂದು ಕಡೆ ಬಿದ್ದುಹೋಯಿತು.

"ಹಾಗಂದರೆ ಏನು ದಸ್ತಗೀರ್ ಸಾಹೇಬ್ರೇ?"

"ಏನಿಲ್ಲ ಬಿಡ್ರಿ. ಹಿಂದ್ಲ ಗಾಲಿ ಸ್ವಲ್ಪ ಆಂಧ್ರದ ಕಡೆ ನೋಡ್ತೈತೆ."

ಆಮೇಲೆ ಪೆಡಲಿನ ಬೇರಿಂಗ್ ತೆಗೆದುಕೊಂಡು ಅದರ ಗೂಡಿಗೆ ಹಿಡಿದರು. ಅದು ಬೆರಳಿನ ಒತ್ತಿಗೇ ಒಳಗೆ ಇಳಿಯಿತು. ಅಳತೆ ಎಷ್ಟು ಸರಿಯಾಗಿದೆ ಎಂದು ನಾನು ಖುಷಿಪಟ್ಟೆ. "ಅರೆ ಮೇಷ್ಟ್ರೇ, ಇದನ್ನ ಪ್ರೆಸ್ ಹಾಕಿ ಒತ್ತಿ ಕೂರಿಸ್ಬೇಕು. ಇದು ನೋಡ್ರಿ, ಮಾವನ ಮನೆಗೆ ಹೋದಂಗೆ ಹೋಯ್ತು" ಎಂದರು. ಕೊನೆಗೆ ಟಾರ್ಚು ತೆಗೆದು ಸೀಟಿನ ತೂತಿನೊಳಗೆ ಬೆಳಕು ಬಿಟ್ಟು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. ಟಾರ್ಚು ಆರಿಸಿದರು, ಕೈ ಒರೆಸಿಕೊಂಡರು, ನನಗೊಂದು ಚಹಾ ಹೇಳಿದರು. ಹೇಗಿದೆ ಎಂದು ಕೇಳಿದ್ದಕ್ಕೆ, "ನಾನು ಕಬ್ಬಿಣದೋನು ಮೇಷ್ಟ್ರೇ. ಇದು ನೋಡಿದ್ರೆ ಬಟ್ಟೆ. ನಿಮ್ಮ ಮಾವನೋರು ಮೊಳಕಾಲ್ಮೂರಾಗೆ ನೇಯ್ತಾರಲ್ಲ, ಅವ್ರಿಗೊಂದ್ಸಲ ತೋರ್ಸ್ಕಂಡು ಬರ್ರಿ. ಆಮೇಲೆ ಫಿಟ್ ಮಾಡಣ" ಎಂದರು. ಎಂಥ ವಿನಯ ಎಂದು ನಾನು ಮೆಚ್ಚಿಕೊಂಡೆ.

ಶನಿವಾರ ಬೆಳಗಿನ ಶಾಲೆ. ಮುಗಿಸಿಕೊಂಡು ಬಂದು, ಫ್ರೇಮನ್ನು ಹಾಸಿಗೆಯ ಹೊದಿಕೆಯಲ್ಲಿ ಸುತ್ತಿ, ಸುಜಾತಳೊಂದಿಗೆ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡಿದ್ದ ಆ ಗಂಟನ್ನು ನೋಡಿ ಪಕ್ಕದ ಸೀಟಿನ ಅಜ್ಜಿ ಯಾವ ದೇವರು ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈಮುಗಿದೇಬಿಟ್ಟರು. ಮುಗಿದ ಮೇಲೆ ಸೈಕಲ್ಲು ಎಂದು ಹೇಳುವುದು ಸರಿಯಲ್ಲವೆಂದು ಸುಮ್ಮನಾದೆ. ಸುಜಾತ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಮೊಳಕಾಲ್ಮೂರಿನ ಹತ್ತಿರದ ಹಾನಗಲ್ಲಿನವರೆಗೂ ಭುಜ ಕುಣಿಸುತ್ತ ನಗುತ್ತಿದ್ದಳು.

ನನ್ನ ಮಾವನವರಿಗೆ ಎಪ್ಪತ್ತು ದಾಟಿದೆ. ಈಗಲೂ ದಿನಕ್ಕೆ ನಾಲ್ಕು ಗಂಟೆ ಮಗ್ಗದಲ್ಲಿ ಕೂರುತ್ತಾರೆ. ಮನೆಯಲ್ಲಿ ತೆಲುಗು, ನನ್ನೊಂದಿಗೆ ಎರಡನ್ನೂ ಬೆರೆಸಿದ ಕನ್ನಡ. ಅವರಿಗೆ ಒಂದು ಪದ್ಧತಿ ಇದೆ, ಯಾವ ಬಟ್ಟೆಯನ್ನೂ ಮೇಲುಮೈಯಿಂದ ಅಳೆಯುವುದಿಲ್ಲ. ಯಾರದೇ ಸೀರೆ ಕೈಗೆ ಬರಲಿ, ಮೊದಲು ತಿರುವಿ ಹಾಕಿ, ಹಿಂಬದಿಯ ಎಳೆಗಳು ಹೇಗೆ ಓಡಿವೆ, ಎಲ್ಲಿ ಕತ್ತರಿಸಿವೆ, ಎಲ್ಲಿ ಗಂಟಾಗಿವೆ ನೋಡುತ್ತಾರೆ. ಆ ಕೇರಿಯ ನೇಕಾರರೆಲ್ಲ ಹಾಗೆಯೇ. ನಾನು ಹೆಣ್ಣು ನೋಡಲು ಹೋಗಿದ್ದಾಗ ನನ್ನ ಓದು, ಕೆಲಸ ಎಲ್ಲ ಕೇಳಿ ಮುಗಿದ ಮೇಲೆ ಪಕ್ಕಕ್ಕೆ ಬಂದು ಕುಳಿತು ನನ್ನ ಹೊಸ ಶರ್ಟಿನ ಕಾಲರನ್ನು ಮೆಲ್ಲಗೆ ಮಗುಚಿ ನೋಡಿದ್ದರು. ಏನು ಕಂಡಿತೋ ಇವತ್ತಿಗೂ ಹೇಳಿಲ್ಲ. ಮದುವೆಯಂತೂ ಆಯಿತು.

ಫ್ರೇಮನ್ನು ಅವರ ಮುಂದೆ ಬಿಚ್ಚಿಟ್ಟೆ. ಚೌಕಳಿಯ ಮೇಲೆ ಅಂಗೈ ಆಡಿಸಿ "ಬಾಗುಂದಿ, ಬಾಗುಂದಿ" ಎಂದರು. ಚೆನ್ನಾಗಿದೆ ಎನ್ನುವಷ್ಟು ತೆಲುಗು ನನಗೆ ಬರುತ್ತದೆ, ಸುಜಾತಳ ಕಡೆ ಗೆದ್ದವನಂತೆ ನೋಡಿದೆ. ಅಷ್ಟರಲ್ಲಿ ಅವರು ಫ್ರೇಮನ್ನು ಮಗುಚಿದರು. ಮತ್ತೆ ಮಗುಚಿದರು. "ಇದಕ್ಕೆ ಹಿಂಬದಿ ಎಲ್ಲೈತೆ ಅಲ್ಲುಡುಗಾರು?" ಎಂದರು. ಅಲ್ಲುಡುಗಾರು ಎಂದರೆ ಅಳಿಯಂದಿರು.

"ಹಿಂಬದಿ ಇಲ್ಲ ಮಾವ, ಇದು ಕೊಳವೆ."

"ಹಿಂಬದಿ ಇಲ್ದಿರೋ ಬಟ್ಟೆ ಎಲ್ಲಾದ್ರೂ ಇರ್ತೈತಾ? ಒಳಗಡೆ ಇರ್ತೈತೆ. ಪೈನ ಕಾದು, ಲೋಪಲ ಚೂಡಾಲಿ." ಮೇಲೆ ಅಲ್ಲ, ಒಳಗೆ ನೋಡಬೇಕು ಎಂದರು. ಸುಜಾತ ಮೊಬೈಲಿನ ಬೆಳಕು ಹಿಡಿದಳು. ಮಾವ ಮೊದಲು ತೂತಿನ ಅಂಚನ್ನು ನೋಡಿ, ನಾನು ಹೊಗಳಿದ್ದ ಚೌಕಳಿ ಮೇಲಿನ ಒಂದೇ ಒಂದು ತೆಳು ಪದರ, ಭಾರ ಹೊರುವುದೆಲ್ಲ ಅದರ ಕೆಳಗಿನವು ಎಂದು ತೋರಿಸಿದರು. ಆಮೇಲೆ ಬೆರಳು ಇಳಿಬಿಟ್ಟು, ಕಣ್ಣು ಮುಚ್ಚಿಕೊಂಡು, ಕೊಳವೆಯ ಒಳಗೋಡೆಯನ್ನು ಸುತ್ತಲೂ ಸವರಿದರು. ಇನ್ನೊಂದು ತುದಿಯಲ್ಲಿ, ಪೆಡಲಿನ ಗೂಡಿನೊಳಗಿಂದ ಮೇಲಕ್ಕೆ ಬೆರಳು ತೂರಿಸಿದಾಗ ಒಂದು ಕಡೆ ನಿಂತರು. "ಇಕ್ಕಡ" ಎಂದು ನನ್ನ ಬೆರಳನ್ನೂ ಅಲ್ಲಿಗೆ ಎಳೆದುಕೊಂಡು ಹೋಗಿ ಇಟ್ಟರು. ಒಳಗೆ ಪದರವೊಂದು ಮಡಚಿಕೊಂಡು ಸುಕ್ಕಾಗಿ ದಪ್ಪಗೆ ಎದ್ದಿತ್ತು. ನಾನು ನಾಲ್ಕು ಸಲ ಬಡಿದು ಟಣ್ ಎನ್ನಿಸಿದ್ದ ಜಾಗ ಅದೇ. ಅದರ ಪಕ್ಕದಿಂದ ಅವರು ಒಂದು ತುಂಡು ಪ್ಲಾಸ್ಟಿಕ್ಕನ್ನೂ ಎಳೆದು ತೆಗೆದರು. ಬೇಯಿಸುವಾಗ ಪದರಗಳನ್ನು ಅಚ್ಚಿಗೆ ಒತ್ತಲು ಒಳಗೆ ಚೀಲವೊಂದನ್ನು ಊದುತ್ತಾರೆ, ಆಮೇಲೆ ತೆಗೆಯಬೇಕು ಎಂದು ನಾನು ಓದಿದ್ದನ್ನು ಹೇಳಿದೆ. "ಒಳಗೆ ಯಾರು ನೋಡ್ತಾರೆ ಅಂತ ಬಿಟ್ಟಿದಾರೆ" ಎಂದರು ಮಾವ. ಅದನ್ನು ಹೇಳುವಾಗ ಅವರ ಮುಖದಲ್ಲಿ ನಿಜವಾದ ಬೇಸರವಿತ್ತು.

ಒಂದು ಸುಕ್ಕಿನಿಂದ ಏನಾಗುತ್ತದೆ ಎಂದು ವಾದಕ್ಕಿಳಿದೆ. ಅವರು ನನ್ನನ್ನು ಮಗ್ಗದ ಹತ್ತಿರ ಕೂರಿಸಿ ಹಾಸಿನ, ಅಂದರೆ ಮಗ್ಗದುದ್ದಕ್ಕೂ ಬಿಗಿದ ಎಳೆಗಳ ಮೇಲೆ ಅಂಗೈ ಒತ್ತಿಸಿದರು. ನೂರಾರು ಎಳೆಗಳು ಒಂದೇ ಸಮ ಬಿಗಿಯಾಗಿದ್ದವು, ಒಂದು ಮಾತ್ರ ಸಡಿಲವಾಗಿ ತೂಗುತ್ತಿತ್ತು. "ಇದು ಕೆಲ್ಸ ಮಾಡ್ತಿಲ್ಲ. ಇದರ ಪಾಲಿನ ಎಳೆತ ಪಕ್ಕದ ಎಳೆ ಹೊರ್ತೈತೆ. ಮಡಚಿದ ಎಳೆನೂ ಹಂಗೇ. ಪಕ್ಕದ್ದು ಎಷ್ಟು ದಿನ ಹೊರ್ತೈತೆ?" ಕಾಲು ಶತಮಾನ ಪಾಠ ಮಾಡಿ ನಾನು ಮಕ್ಕಳಿಗೆ ಅರ್ಥಮಾಡಿಸಲಾಗದ್ದನ್ನು ಅವರು ಒಂದೇ ನಿಮಿಷದಲ್ಲಿ ನನಗೆ ಅರ್ಥಮಾಡಿಸಿದರು. ಹಾಗಾದರೆ ಮುರಿಯುತ್ತದೆಯೇ ಎಂದು ಕೇಳಿದೆ. "ಮುರಿಯೋದು ಇವತ್ತೋ, ಮುಂದಿನ ವರ್ಷನೋ. ಅದೇನು ಮುಂಚೆ ಹೇಳಿ ಮುರೀತೈತಾ?"

ಆಗ ಸುಜಾತ ತೆಲುಗಿನಲ್ಲಿ ಅಪ್ಪನಿಗೆ ಏನೋ ಹೇಳಿದಳು. ಡ್ರಿಲ್ ಮೇಷ್ಟ್ರು ಎನ್ನುವ ಶಬ್ದ ಎರಡು ಸಲ ಬಂದಿತು. ಮಾವ ನನ್ನ ಕಡೆ ತಿರುಗಿ, "ನಿಮ್ಮ ಮಾತು ಕೇಳಿ ಇನ್ನೊಬ್ರು ತಗಂಡಿದಾರಾ?" ಎಂದರು. ಹೌದು ಎಂದೆ. "ನಾಳೆ ಅದನ್ನ ಹತ್ತುತಾರಾ?" ಅದಕ್ಕೂ ಹೌದು ಎಂದೆ. "ನಾವು ನೇಯ್ದಿದ್ರಾಗೆ ತಪ್ಪು ಕಂಡ್ರೆ ಕೊಂಡೋರ ಮನೆಗೆ ನಾವೇ ಹೋಗಿ ಹೇಳ್ತೀವಿ ಅಲ್ಲುಡುಗಾರು. ಫೋನಾಗೆ ಹೇಳಲ್ಲ." ಊಟಕ್ಕೂ ನಿಲ್ಲಿಸಿಕೊಳ್ಳದೆ ನನ್ನನ್ನು ಬಸ್ ನಿಲ್ದಾಣಕ್ಕೆ ಕಳಿಸಿದ ಮಾವನವರನ್ನು ಕಂಡದ್ದು ಅದೇ ಮೊದಲು. ಸುಜಾತ ಭಾನುವಾರಕ್ಕೆಂದು ಅಲ್ಲೇ ಉಳಿದಳು.

ವಾಪಸು ಬರುವ ಬಸ್ಸಿನಲ್ಲಿ ನಾನು ಪಟ್ಟ ಪಾಡು ನನಗೇ ಗೊತ್ತು. ನನ್ನ ಫ್ರೇಮು ಹಾಳಾದ ದುಃಖ ಎಲ್ಲಿಗೋ ಹೋಗಿತ್ತು. ಕಣ್ಣು ಮುಚ್ಚಿದರೆ ಶಿವಣ್ಣ ಇಳಿಜಾರಿನಲ್ಲಿ ಬರುವುದು, ಅವರ ಆ ದೇಹದ ಕೆಳಗೆ ಸುಕ್ಕೊಂದು ಬಾಯಿಬಿಡುವುದು ಕಾಣುತ್ತಿತ್ತು. ನಿಜಕ್ಕೂ ಹೆದರಿದ್ದೆ. ಹೆದರಿಕೆಯ ನಡುವೆಯೂ ನಾಚಿಕೆಯಿಲ್ಲದ ನನ್ನ ತಲೆ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಿತ್ತು. ನನಗೆ ಜ್ವರ ಎಂದು ಹೇಳಿ ಸವಾರಿಯನ್ನೇ ಮುಂದೂಡಿಸಲೇ? ಹೊಸ ಸಂಶೋಧನೆಯೊಂದು ಬಂದಿದೆ, ಅದರ ಪ್ರಕಾರ ಎಂದು ಶುರುಮಾಡಲೇ? ಕೊನೆಗೆ, ಶಿವಣ್ಣ, ನನಗೆ ಏನೂ ಗೊತ್ತಿರಲಿಲ್ಲ, ಗೊತ್ತಿದ್ದವನಂತೆ ಮಾತಾಡಿದೆ ಎಂದು ನೇರವಾಗಿ ಹೇಳುವುದೆಂದು ನಿಶ್ಚಯಿಸಿದೆ. ಈ ವಾಕ್ಯವನ್ನು ನಾನು ಜೀವಮಾನದಲ್ಲಿ ಯಾರಿಗೂ ಹೇಳಿದವನಲ್ಲ, ಆದ್ದರಿಂದ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ.

ಸಂಜೆ ಆರಕ್ಕೆ ಶಿವಣ್ಣನವರ ಮನೆ ಹೊಕ್ಕೆ. ಹಜಾರದ ಗೋಡೆಗೆ ಒರಗಿ ಅವರ ಸೈಕಲ್ಲು ಗಾಲಿ, ಹ್ಯಾಂಡಲು ಎಲ್ಲ ತೊಟ್ಟು ಮದುಮಗನಂತೆ ನಿಂತಿತ್ತು. ಅವರ ಹೆಂಡತಿ ಗಿರಿಜಮ್ಮ ಮಂಡಕ್ಕಿ ಮೆಣಸಿನಕಾಯಿ, ಚಹಾ ತಂದಿಟ್ಟರು. ನಾನು ಯಾವುದನ್ನೂ ಮುಟ್ಟದೆ, ಬಾಯಿಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿ, ಸುಕ್ಕು, ಪ್ಲಾಸ್ಟಿಕ್ಕು, ಬೆಂಕಿಕಡ್ಡಿ ಎಲ್ಲ ಹೇಳಿ, "ನಾಳೆ ದಯವಿಟ್ಟು ಇದನ್ನು ಹತ್ತಬೇಡಿ" ಎಂದು ಕೈಮುಗಿದೆ.

ಶಿವಣ್ಣ ಹೆಂಡತಿಯ ಮುಖ ನೋಡಿದರು. ಗಿರಿಜಮ್ಮ ಸೆರಗಿನ ತುದಿ ನೋಡಿದರು.

"ಬೇಜಾರು ಮಾಡ್ಕಬ್ಯಾಡ್ರಿ ಸಾರ್" ಎಂದು ಶಿವಣ್ಣ ಶುರುಮಾಡಿದರು. "ನಂದು ಬಂದಿದ್ದು ಮಂಗಳವಾರ. ಅವತ್ತೇ ದಸ್ತಗೀರಣ್ಣನ ಹತ್ರ ಒಯ್ದೆ. ದಾರ ಹಿಡಿದ್ರು, ಟಾರ್ಚ್ ಬಿಟ್ರು, ಒಳಗೆಲ್ಲ ಕೈಯಾಡ್ಸಿದ್ರು. ಮಾಲು ಪಕ್ಕಾ ಐತೆ, ನಿಶ್ಚಿಂತೆಯಿಂದ ಹತ್ತು ಅಂದ್ರು."

"ನಾನು ಅಷ್ಟು ಹೇಳಿದ್ದೆನಲ್ಲ ಶಿವಣ್ಣ, ಮತ್ತೆ ಅವರ ಹತ್ತಿರ ಯಾಕೆ ಒಯ್ದಿರಿ?"

"ನೀವು ಹೇಳಿದ್ರಲ್ಲ, ಅದಕ್ಕೇ ಸಾರ್."

ಅವರ ದನಿಯಲ್ಲಿ ಕುಹಕ ಲವಲೇಶವೂ ಇರಲಿಲ್ಲ, ಅದೇ ನೋವು. ನನ್ನ ಫ್ರೇಮಿನ ಹಣೆಬರಹ ದಸ್ತಗೀರ್ ಸಾಹೇಬರಿಗೆ ಗುರುವಾರವೇ ತಿಳಿದಿತ್ತಂತೆ, ಶುಕ್ರವಾರ ಬ್ರೇಕು ಬಿಗಿಸಲು ಹೋದ ಶಿವಣ್ಣನಿಗೆ ಅವರೇ ಹೇಳಿದ್ದರಂತೆ. ಮಗಳಿಗೆ ಪಾಠ ಹೇಳಿದ ಮೇಷ್ಟ್ರ ಮುಖ ನೋಡಿ ಹೇಳಲು ಬಾಯಿ ಬಾರದೆ, ಮಾವನ ಬಾಯಿಂದಲೇ ಕೇಳಲಿ ಎಂದು ಮೊಳಕಾಲ್ಮೂರಿಗೆ ಸಾಗಹಾಕಿದ್ದರಂತೆ. ಒಂದೇ ಕಂಪನಿ, ಒಂದೇ ಬಣ್ಣ, ಒಂದೇ ತರಹದ ಪೆಟ್ಟಿಗೆ. ಶಿವಣ್ಣನವರದ್ದನ್ನು ಹಾಸಿದ ಪುಣ್ಯಾತ್ಮ ಮನಸ್ಸಿಟ್ಟು ಹಾಸಿದ್ದ. ನನ್ನದನ್ನು ಹಾಸಿದವನಿಗೆ ಊಟದ ಹೊತ್ತಾಗಿತ್ತೋ ಏನೋ.

ಶಿವಣ್ಣನ ಜೀವಕ್ಕೆ ಅಪಾಯವಿಲ್ಲ ಎಂದು ತಿಳಿದ ಕ್ಷಣ ನನಗೆ ಆದ ಸಂತೋಷ ಅಪ್ಪಟವಾದದ್ದು, ಅದನ್ನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಆದರೆ ಅದು ಒಂದು ಲೋಟ ಚಹಾ ಮುಗಿಯುವವರೆಗೂ ಬಾಳಲಿಲ್ಲ. ಲೋಟ ಕೆಳಗಿಟ್ಟವನು, "ಇರಲಿ, ನನ್ನ ಸಮಾಧಾನಕ್ಕೆ ನಾನೂ ಒಮ್ಮೆ ನೋಡಿಬಿಡುತ್ತೇನೆ. ಟಾರ್ಚಿದೆಯಾ?" ಎಂದೆ. ಶಿವಣ್ಣ ಟಾರ್ಚು ಕೊಟ್ಟು, ಸೀಟು ಬಿಚ್ಚಿಕೊಟ್ಟರು. ನೆಲದ ಮೇಲೆ ಮಂಡಿಯೂರಿ ಕುಳಿತೆ. ಒಂದು ಕಣ್ಣು ಮುಚ್ಚಿ ನೋಡಿದೆ, ಇನ್ನೊಂದು ಮುಚ್ಚಿ ನೋಡಿದೆ, ಬೆರಳು ಹೋಗುವಷ್ಟು ದೂರ ಸವರಿದೆ. ನನ್ನ ಸ್ವಂತ ಫ್ರೇಮನ್ನು ಈ ಶ್ರದ್ಧೆಯ ಹತ್ತರಲ್ಲೊಂದು ಪಾಲಿನಿಂದಲೂ ನಾನು ನೋಡಿರಲಿಲ್ಲ. ಒಳಗೋಡೆ ಗಾಜಿನ ಹಾಗೆ ನುಣ್ಣಗಿತ್ತು. ನಾನು ಬಿಡಲಿಲ್ಲ. ಒಂದೇ ಒಂದು ಸುಕ್ಕು, ಪುಟ್ಟದಾದರೂ ಪರವಾಗಿಲ್ಲ, ಸಿಗಲಪ್ಪಾ ಎಂದು ಜಟಿಂಗ ರಾಮೇಶ್ವರನಿಗೇ ಮೊರೆಯಿಡುತ್ತ ಮತ್ತೊಂದು ಸುತ್ತು ಬೆರಳಾಡಿಸಿದೆ.

ಹಿಂದೆ ನಿಂತಿದ್ದ ಗಿರಿಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಗಂಡನಿಗೆ ಹೇಳುತ್ತಿದ್ದರು, "ನೋಡ್ರಿ, ಪಾಪ, ಒಡಹುಟ್ಟಿದೋರೂ ಹಿಂಗೆ ನೋಡಲ್ಲ."